ಬ್ರಾಡ್‌ಕಾಸ್ಟ್: ಹೊಲದ ಪದ ಬಾನಿಗೇರಿದ ಬಗೆ

ಚದುರಿಸುವ ಕ್ರಿಯೆಯನ್ನು ಹೇಳಲು ಇಂಗ್ಲಿಷಿನಲ್ಲಿ ಹಲವು ಕ್ರಿಯಾಪದಗಳಿದ್ದರೂ ಒಂದರ ಎಡೆಯಲ್ಲಿ ಇನ್ನೊಂದು ಸಲ್ಲುವುದಿಲ್ಲ. ಕಾಳನ್ನು ಸ್ಕ್ಯಾಟರ್ ಮಾಡಬಹುದು, ಸದ್ದಿಗೆ ಬೆದರಿದ ಹಕ್ಕಿಗಳ ಹಿಂಡು ತಾನಾಗಿಯೇ ಸ್ಕ್ಯಾಟರ್ ಆಗಲೂಬಹುದು. ಸ್ಟ್ರೂ ಎಂಬುದಾದರೋ ಸಕರ್ಮಕವಾಗಿಯೇ ಉಳಿದು, ನೆಲದ ಮೇಲೆ ಹರಡಿಬಿದ್ದ ಹೂವು, ಹುಲ್ಲು, ಕಸಗಳ ಕಡೆಗೆ ಗಮನ ಸೆಳೆಯುತ್ತದೆ. ಈ ಬಳಗದಲ್ಲಿ ಎಲ್ಲಕ್ಕಿಂತ ದೂರ ಸಾಗಿದ ಪದ ಬ್ರಾಡ್‌ಕಾಸ್ಟ್.

ಬ್ರಾಡ್ ಎಂದರೆ ಅಗಲ, ಕಾಸ್ಟ್ ಎಂದರೆ ಎಸೆದದ್ದು. ಇವೆರಡು ಕೂಡಿದ ಸಮಾಸವು 18ನೆಯ ಶತಮಾನದ ಕೃಷಿಬರಹಗಳಲ್ಲಿ ಬೀಜವನ್ನು ಕೈಯಿಂದ ಎರಚಿ ಬಿತ್ತುವ ರೀತಿಯನ್ನು ಸೂಚಿಸಿ, ಮುಂದಿನ ಶತಮಾನದಲ್ಲಿ ಕ್ರಿಯಾಪದವಾಯಿತು. ಜೆಥ್ರೊ ಟುಲ್ 1701ರ ಸುಮಾರಿಗೆ ಬೀಜವನ್ನು ಸಾಲಿಗೆ ಇಳಿಸುವ ಯಂತ್ರಕೂರಿಗೆಯನ್ನು ರೂಪಿಸಿ, 1731ರಲ್ಲಿ ಸಾಲುಬಿತ್ತನೆಯನ್ನು ಸಮರ್ಥಿಸುವ ಗ್ರಂಥವನ್ನು ಪ್ರಕಟಿಸಿದ ಬಳಿಕ, ಹಳೆಯ ಪದ್ಧತಿಯನ್ನು ಬೇರೆಯಾಗಿ ಗುರುತಿಸಲು ಒಂದು ಹೆಸರು ಬೇಕಾಗಿದ್ದಿರಬೇಕು ಎಂಬ ಊಹೆ ಅಸಂಗತವಲ್ಲ. ಬಿತ್ತುವವನು ಸೀಡ್‌ಲಿಪ್ ಎಂಬ, ಮೈಗೆ ಒತ್ತಿ ಕೂರುವಂತೆ ಒಂದು ಮಗ್ಗುಲು ಒಳಬಾಗಿದ ಬುಟ್ಟಿಯನ್ನು ಹೆಗಲಿಂದ ಇಳಿಬಿಟ್ಟುಕೊಂಡು, ಹೆಜ್ಜೆಯ ಲಯಕ್ಕೆ ಹಿಡಿ ತುಂಬಿ, ತೋಳನ್ನು ಕಮಾನಿನಂತೆ ಬೀಸಿ, ಬೆರಳ ಸಂದಿನಿಂದ ಕಾಳು ಜಾರುವಂತೆ ಎರಚುತ್ತಿದ್ದನು. ಆಮೇಲೆ ಹಲುಬೆ ಹೊಡೆದು ಮಣ್ಣು ಮುಚ್ಚಲಾಗುತ್ತಿತ್ತು. ಯಾವ ಕಾಳು ಯಾವ ಹೆಂಟೆಯ ಪಕ್ಕಕ್ಕೆ ಬೀಳುವುದೆಂಬುದು ಅವನ ವಶದಲ್ಲಿರದಿದ್ದರೂ, ಹೊಲದ ಯಾವ ಮೂಲೆಯೂ ಬರಿದಾಗದಂತೆ ಬಿತ್ತುವುದೇ ಅವನ ಕಸುಬುಗಾರಿಕೆ. ಸ್ಕ್ಯಾಟರ್ ಎಂಬಲ್ಲಿ ಚೆಲ್ಲಾಪಿಲ್ಲಿಯಾಗುವುದಕ್ಕೂ ಎಡೆಯುಂಟು. ಬ್ರಾಡ್‌ಕಾಸ್ಟ್ ಎಂಬಲ್ಲಿ ಸಮನಾಗಿ ಹಂಚುವ ಸಂಕಲ್ಪವಿದೆ.

ಈ ಗುಣವೇ ಪದವನ್ನು ರೇಡಿಯೊಗೆ ಕರೆದೊಯ್ದಿತೆನ್ನಬೇಕು. ಹಡಗಿನಿಂದ ದಡಕ್ಕೆ, ಗೊತ್ತಾದ ಒಬ್ಬನಿಂದ ಗೊತ್ತಾದ ಇನ್ನೊಬ್ಬನಿಗೆ ಸಂದೇಶ ಮುಟ್ಟಿಸುವುದಕ್ಕೆಂದು ಬೆಳೆದ ನಿಸ್ತಂತು ವಿದ್ಯೆಗೆ, ಮಾತು ಕಂಡಕಂಡವರ ಕಿವಿಗೆ ಬೀಳುವುದು ಒಂದು ಕೊರತೆಯಾಗಿತ್ತು. 1920ರ ದಶಕದ ಆರಂಭದಲ್ಲಿ ಅದೇ ಕೊರತೆ ಉದ್ದೇಶವಾಗಿ ಮಾರ್ಪಟ್ಟು, ಅಪರಿಚಿತ ಕೇಳುಗರೆಲ್ಲರಿಗೂ ಸಂಗೀತ, ಸುದ್ದಿ ಹರಿಯತೊಡಗಿದಾಗ ಹೊಲದ ಪದ ಕೈಗೆ ಬಂತು. 1922ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಬಿಬಿಸಿಯ ಹೆಸರಿನಲ್ಲಿಯೇ ಅದು ಸೇರಿತು. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ನಿಲಯಕ್ಕೆ ಸಂದ ಆಕಾಶವಾಣಿ ಎಂಬ ಹೆಸರಾದರೋ ಬಿತ್ತನೆಯ ಕಲ್ಪನೆಯನ್ನು ಬಿಟ್ಟು ದನಿಯನ್ನೇ ಮುಂದೆ ಮಾಡಿತು. ಕನ್ನಡದ ‘ಬಿತ್ತರಿಸು’ ಕಿವಿಗೆ ‘ಬಿತ್ತು’ವಿನ ಮಗುವಿನಂತೆ ಕೇಳಿಸಿದರೂ ಸಂಸ್ಕೃತದ ವಿಸ್ತಾರದಿಂದ ಬಂದ ತದ್ಭವ, ಆದರೂ ಇಂಗ್ಲಿಷ್ ಪದದ ಹೊಲವಾಸನೆಗೆ ಇಷ್ಟು ಹತ್ತಿರವಾಗಿ ಒದಗಿದ್ದು ಭಾಷೆಗಾದ ದೊಡ್ಡ ಲಾಭ.

ಕಾಸ್ಟ್ ಭೂತಕಾಲದಲ್ಲಿಯೂ ರೂಪ ಬದಲಿಸದ ಕಾರಣ ಬ್ರಾಡ್‌ಕಾಸ್ಟ್ ಸಹ ಹಾಗೆಯೇ ಉಳಿಯುವುದು ಶಿಷ್ಟ ಪ್ರಯೋಗ. ಬ್ರಾಡ್‌ಕಾಸ್ಟೆಡ್ ಎಂಬ ರೂಪ ನಿಘಂಟುಗಳಲ್ಲಿದ್ದರೂ ಜತನದಿಂದ ಬರೆಯುವವರು ಅದನ್ನು ದೂರವಿಡುವುದೇ ಸರಿ. 2004ರಲ್ಲಿ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡ ಪಾಡ್‌ಕಾಸ್ಟ್ ಎಂಬ ಪದ ಮಾತ್ರ ಸಮಾಸದ ಬಾಲವನ್ನಷ್ಟೇ ಕತ್ತರಿಸಿಕೊಂಡಿದ್ದು, ಅಲ್ಲಿ ಕೇಳುಗನೇ ಬೇಕಾದುದನ್ನು ಬೇಕಾದ ಹೊತ್ತಿಗೆ ಆರಿಸಿಕೊಳ್ಳುವುದರಿಂದ ಎರಚುವ ಅರ್ಥ ಬಹುಮಟ್ಟಿಗೆ ಸವೆದುಹೋಗಿದೆ.