ಚೌಳು ನೆಲವೂ ಜೋಳದ ವಂಶವಾಹಿಯೂ

ಕ್ಷಾರಮಯವಾದ ನೆಲವನ್ನು ಸಹಿಸುವ ಶಕ್ತಿಯು ಜೋಳದ ಯಾವ ವಂಶವಾಹಿಯಲ್ಲಿ ಅಡಗಿದೆಯೆಂಬುದನ್ನು ಕುರಿತು ಚೀನಾದೇಶದ ವಿದ್ವಾಂಸರು ನಡೆಸಿದ ಸಂಶೋಧನೆಯು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜೋಳದ ರೊಟ್ಟಿಯನ್ನುಂಡು ಬೆಳೆದ ಬಳ್ಳಾರಿ ಸೀಮೆಗೆ ಇದು ದೂರದ ಸಂಗತಿಯಲ್ಲ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಚೌಳಿನ ಬಾಧೆಯನ್ನು ಕಂಡವರು ಈ ಲೇಖನದ ಗುಣದೋಷಗಳನ್ನು ತೂಗಿ ನೋಡುವುದು ಉಚಿತವಾಗಿದೆ.

ಸಂಶೋಧಕರ ಸಿದ್ಧಾಂತವು ಹೀಗಿದೆ: ನೆಲದ ಕ್ಷಾರವು ಹೆಚ್ಚಿದಾಗ ಸಸ್ಯದ ಜೀವಕೋಶಗಳಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಎಂಬ ವಿಷಪದಾರ್ಥವು ಶೇಖರವಾಗುತ್ತದೆ. ಕೋಶಪೊರೆಯಲ್ಲಿರುವ ಕೆಲವು ಜಲದ್ವಾರಗಳು ಅದನ್ನು ಹೊರಗೆ ಸಾಗಿಸಬಲ್ಲವು. ಆದರೆ ‘ಏಟಿ-1’ ಎಂಬ ವಂಶವಾಹಿಯಿಂದ ಹುಟ್ಟುವ ಪ್ರೋಟೀನು ಆ ದ್ವಾರಗಳು ಸಮರ್ಥವಾಗಿ ತೆರೆಯದಂತೆ ತಡೆಯುತ್ತದೆ. ಆ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದರೆ ತಡೆಯು ತೊಲಗುತ್ತದೆ. ಹಾಗೆ ಮಾಡಿದ ಜೋಳವನ್ನು ಕ್ಷಾರನೆಲದಲ್ಲಿ ಬೆಳೆದಾಗ ಕಾಳಿನ ಇಳುವರಿ ಸುಮಾರು ಶೇಕಡ 20ರಷ್ಟು ಅಧಿಕವಾಯಿತು. ಬತ್ತ, ಮೆಕ್ಕೆಜೋಳಗಳಲ್ಲಿಯೂ ಸಹಿಷ್ಣುತೆಯು ಹೆಚ್ಚಿತು. ಕಾರಣದಿಂದ ಕಾರ್ಯದವರೆಗೆ ಒಂದೊಂದು ಮೆಟ್ಟಿಲನ್ನೂ ತೋರಿಸಿ, ಪ್ರಯೋಗಾಲಯದಲ್ಲಿಯೇ ನಿಲ್ಲದೆ ಹೊಲದವರೆಗೂ ಬಂದಿರುವುದು ಈ ಲೇಖನದ ನಿಜವಾದ ಹಿರಿಮೆ.

ಆದರೂ ವಿಚಾರಣೀಯವಾದ ಅಂಶಗಳು ಮೂರಿವೆ. ಮೊದಲನೆಯದು, ಉಪ್ಪು ಬೇರೆ, ಕ್ಷಾರ ಬೇರೆ ಎಂಬುದು. ಕರಗುವ ಲವಣಗಳು ಹೆಚ್ಚಿದ ನೆಲವು ಸವಳು. ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿ, ನೀರಿಳಿಯದಂತೆ ಬಿಗಿದುಕೊಂಡ ನೆಲವು ಕ್ಷಾರನೆಲ. ‘ಚೌಳು’ ಎಂಬ ಒಂದೇ ಮಾತು ಇವೆರಡಕ್ಕೂ ಸಲ್ಲುವುದರಿಂದ ಭ್ರಾಂತಿಗೆ ಎಡೆಯಾಗುತ್ತದೆ. 2005ರಲ್ಲಿ ‘ನೋನಾ ಬೊಕ್ರಾ’ ಬತ್ತದಲ್ಲಿ ಗುರುತಿಸಿದ ವಂಶವಾಹಿಯು ಸೋಡಿಯಂ ಎಲೆಗೇರದಂತೆ ನಾಳದ ರಸದಿಂದಲೇ ಹಿಂದೆಗೆಯುತ್ತದೆ. ಅದು ಉಪ್ಪಿಗೆ ಮದ್ದು. ಕುಮಟೆಯ ಗಜನಿ ಗದ್ದೆಗಳಲ್ಲಿ ಸಮುದ್ರದ ಉಪ್ಪುನೀರನ್ನು ತಡೆದು ಬೆಳೆಯುವ ‘ಕಗ್ಗ’ ಬತ್ತದ ಗುಣವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ‘ಏಟಿ-1’ರ ಫಲವು ಕ್ಷಾರಕ್ಕೆ ಸಂಬಂಧಿಸಿದ್ದು. ಆದ್ದರಿಂದ ಮಣ್ಣನ್ನು ಪರೀಕ್ಷಿಸದೆ ಬೀಜವನ್ನು ಆರಿಸುವುದು ರೋಗವನ್ನರಿಯದೆ ಔಷಧ ಕೊಟ್ಟಂತಾದೀತು.

ಎರಡನೆಯದು, ಬತ್ತದಲ್ಲಿ ಈ ವಂಶವಾಹಿಗೆ ಸಮನಾದ ‘ಜಿಎಸ್-3’ ಕಾಳಿನ ಉದ್ದವನ್ನು ಅಂಕೆಯಲ್ಲಿಡುವಂಥದು. ಅದು ಕೆಟ್ಟರೆ ಕಾಳು ನೀಳವಾಗುತ್ತದೆ. ಸೋನಾಮಸೂರಿಯ ಸಣ್ಣಕ್ಕಿಗೆ ಬೆಲೆ ಬರುವ ಸೀಮೆಯಲ್ಲಿ ಈ ಬದಲಾವಣೆಯನ್ನು ರೈತನು ಲಾಭವೆಂದೇ ಎಣಿಸುವನೆಂದು ಹೇಳಲಾಗದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸಸ್ಯವು ಚೌಳನ್ನು ಸಹಿಸಬಲ್ಲದು, ಚೌಳನ್ನು ನೀಗಲಾರದು. ಸಂಡೂರಿನ ಗುಡ್ಡಗಳ ಕೆಮ್ಮಣ್ಣಿನಲ್ಲಿ ಮಳೆನೀರು ಬಸಿದುಹೋಗುತ್ತದೆ. ಕಂಪ್ಲಿಯ ಕಡೆಯ ಎರೆನೆಲದಲ್ಲಿ ನೀರು ನಿಲ್ಲುತ್ತದೆ. ಹೊಸಪೇಟೆಯ ಬಳಿ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಕೊಟ್ಟ ತುಂಗಭದ್ರಾ ಅಣೆಕಟ್ಟೆಯು ಬಹುಭಾಗ ಜೋಳ, ಹತ್ತಿಗಳಂಥ ಅಲ್ಪಜಲದ ಬೆಳೆಗಳನ್ನು ಬರದಿಂದ ಕಾಪಾಡಲೆಂದು ಯೋಜಿತವಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಬತ್ತವು ವ್ಯಾಪಿಸಿತು, ಬಸಿಗಾಲುವೆಗಳು ಸಾಲದಾದವು, ಅಂತರ್ಜಲವು ಮೇಲೇರಿ, ನೀರು ಆವಿಯಾಗಿ, ಉಪ್ಪು ಮಣ್ಣಿನ ಮುಖದಲ್ಲಿ ಉಳಿಯಿತು. ಹಂಪೆಯ ಸುತ್ತ ಇಂದಿಗೂ ಹರಿಯುವ ವಿಜಯನಗರ ಕಾಲದ ಕಾಲುವೆಗಳನ್ನು ನೋಡಿ ಹಿಗ್ಗುವವರು, ನೀರನ್ನು ತರುವಷ್ಟೇ ಹೊರಗೆ ಕಳುಹಿಸುವುದೂ ನೀರಾವರಿಯ ಅಂಗವೆಂಬುದನ್ನು ಮರೆಯಬಾರದು.

ಹಾಗೆಂದ ಮಾತ್ರಕ್ಕೆ ಸಂಶೋಧನೆಯ ಮಹತ್ವವು ಕುಗ್ಗುವುದಿಲ್ಲ. ಸವಳಿಗೆ ಬಸಿಗಾಲುವೆಯೂ ಸಿಹಿನೀರಿನ ತೊಳೆತವೂ, ಕ್ಷಾರಕ್ಕೆ ಜಿಪ್ಸಮ್ಮೂ ಮೊದಲ ಚಿಕಿತ್ಸೆಗಳು. ನೆಲವು ಗುಣವಾಗುವ ತನಕ ಹೊಲವು ಬರಿದಾಗದಂತೆ ಕಾಯುವುದು ಸಹಿಷ್ಣುವಾದ ಬೀಜದ ಕೆಲಸ. ಚೀನಾದ ಹೊಲದಲ್ಲಿ ಸಿದ್ಧವಾದ ಮಾತು ಎರೆನೆಲದಲ್ಲಿ ಸಿದ್ಧವಾಯಿತೆಂದು ತಿಳಿಯಲಾಗದು. ಚೌಳು ನೆಲದ ವಿಷಯದಲ್ಲಿ ಪ್ರಯೋಗ ನಡೆಸಿ ಬಂದಿರುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಂಥ ಸ್ಥಳದಲ್ಲಿ, ಈ ಸೀಮೆಯ ಜೋಳದ ತಳಿಗಳಲ್ಲಿಯೇ ಇದರ ಪರೀಕ್ಷೆ ನಡೆಯುವುದು ಯುಕ್ತ. ಆ ಪರೀಕ್ಷೆಯ ತೀರ್ಪನ್ನು ಕಡೆಗೆ ಕೊಡತಕ್ಕದ್ದು ಕಾಲುವೆಯ ಕೊನೆಯ ರೈತನ ಕಣ.