ಕಣ್ಣಿನೊಳಗಿನ ಗೊಂಚಲು

ದ್ರಾಕ್ಷಿಯ ತೋಟವನ್ನು ನೋಡಬಯಸುವ ಮಿತ್ರರು ಪ್ರಾಯಶಃ ಫೆಬ್ರುವರಿ ಮಾಸವನ್ನೇ ಆರಿಸಿಕೊಳ್ಳುತ್ತಾರೆ. ಗೊಂಚಲುಗಳು ಹೊಂಬಣ್ಣಕ್ಕೆ ತಿರುಗಿ, ನೋಟಕ್ಕೂ ನಾಲಗೆಗೂ ಏಕಕಾಲದಲ್ಲಿ ಹಬ್ಬವೊದಗುವ ಆ ದಿನಗಳಲ್ಲಿ ತೋಟದೊಡೆಯನ ನೈಪುಣ್ಯವನ್ನು ಹೊಗಳುವುದು ಸುಲಭ, ಅಳೆಯುವುದು ದುಸ್ಸಾಧ್ಯ. ವಿಜಯಪುರದ ಪಶ್ಚಿಮಕ್ಕಿರುವ ತಿಕೋಟಾ ಸೀಮೆಯಲ್ಲಿ, ಮನೆಮಂದಿಯ ಕೈಗಳನ್ನೇ ನಂಬಿ ಎರಡೆಕರೆ ಬಳ್ಳಿ ಬೆಳೆಸಿರುವ ಹಿರಿಯರೊಬ್ಬರು ಇದನ್ನೇ ತಮ್ಮ ಧಾಟಿಯಲ್ಲಿ ಹೇಳಿದರು: “ಹಣ್ಣ ನೋಡಾಕ ಎಲ್ಲಾರೂ ಬರ್ತಾರ್ರಿ, ಕಡ್ಡಿ ನೋಡಾಕ ಯಾರೂ ಬರೂದಿಲ್ಲ.”

ಶೀತದೇಶಗಳಲ್ಲಿ ಚಳಿಗಾಲವೇ ಬಳ್ಳಿಯನ್ನು ಮಲಗಿಸಿ ಎಬ್ಬಿಸುತ್ತದೆ. ನಮ್ಮಲ್ಲಿ ಅಂಥ ನಿದ್ರೆ ಅದಕ್ಕೆ ಲಭ್ಯವಿಲ್ಲವಾದುದರಿಂದ ವರ್ಷಕ್ಕೆರಡು ಸಲ ಕತ್ತರಿ ಹಿಡಿಯಬೇಕಾಗುತ್ತದೆ. ಆ ಭಾಗದವರು ಚಾಟ್ನಿಯೆನ್ನುವ ಈ ಕರ್ಮದಲ್ಲಿ ಏಪ್ರಿಲಿನದು ಕಡ್ಡಿಗಾಗಿ, ಅಕ್ಟೋಬರಿನದು ಹಣ್ಣಿಗಾಗಿ. ಏಪ್ರಿಲಿನಲ್ಲಿ ಹಳೆಯ ಕಡ್ಡಿಯನ್ನು ಬುಡದ ಒಂದೆರಡು ಕಣ್ಣುಗಳವರೆಗೆ ಕತ್ತರಿಸಿ, ಹೊಸ ಚಿಗುರು ಏಳೆಂಟು ಎಲೆ ಬಿಟ್ಟೊಡನೆ ಅದರ ತುದಿಯನ್ನು ಚಿವುಟುತ್ತಾರೆ. ಅಲ್ಲಿಂದೊಡೆದ ಮರಿಕಡ್ಡಿ ಮಾಗುತ್ತಿರುವಂತೆಯೇ, ಸುಮಾರು ಒಂದೂವರೆ ಎರಡು ತಿಂಗಳಲ್ಲಿ, ಹೊರಗೆ ಕಾಣದ ಒಂದು ನಿರ್ಣಯ ಕಣ್ಣಿನೊಳಗೆ ನಡೆದುಹೋಗುತ್ತದೆ. ಮುಂದಿನ ಫಸಲಿನ ಗೊಂಚಲು ಅಂಕುರರೂಪದಲ್ಲಿ ನೆಲೆಗೊಳ್ಳುವುದು ಆಗಲೇ. ಚಿಗುರುಗಳು ಒತ್ತಾಗಿ ಒಂದಕ್ಕೊಂದು ನೆರಳಾದರೆ, ಇಲ್ಲವೆ ನೀರೂ ಸಾರಜನಕವೂ ಮಿತಿಮೀರಿದರೆ, ಗೊಂಚಲಾಗಬೇಕಾದ ಅದೇ ಅಂಕುರ ಬರಿಯ ಸುರುಳಿಬಳ್ಳಿಯಾಗಿ ಪರಿಣಮಿಸುತ್ತದೆ. ಅಕ್ಟೋಬರಿಗೆ ಮುನ್ನ ಜಾಣರು ಕೆಲವು ಕಡ್ಡಿಗಳನ್ನು ಪ್ರಯೋಗಾಲಯಕ್ಕೊಯ್ದು ಕಣ್ಣು ಸೀಳಿಸಿ ನೋಡುತ್ತಾರೆ. ಸೂಕ್ಷ್ಮದರ್ಶಕದಡಿಯಲ್ಲಿ ಗೊಂಚಲಿನ ಅಂಕುರ ಎಷ್ಟನೆಯ ಕಣ್ಣಿನಲ್ಲಿ ಕಂಡಿತೋ ಅದಕ್ಕನುಗುಣವಾಗಿ ಕತ್ತರಿಯ ಅಳತೆ. ಮೇ ತಿಂಗಳ ಉರಿಬಿಸಿಲಿನಲ್ಲಿ, ಹಣ್ಣಿನ ಸುಳಿವೂ ಇಲ್ಲದ ತೋಟದಲ್ಲಿ ನಿಂತು ಚಿಗುರು ತೆಗೆಯುವವನನ್ನೇ ನಾನು ನಿಜವಾದ ರಸಿಕನೆಂದು ಬಗೆಯುತ್ತೇನೆ.

ಹೊಸದಾಗಿ ತೋಟ ಹೂಡುವವರಿಗೆ ಟೆಕ್ಸಾಸ್ ಮೂಲದ ಡಾಗ್‌ರಿಡ್ಜ್ ಬೇರುಸಸಿಯ ಪರಿಚಯ ಅಗತ್ಯ: ಬರವನ್ನೂ ಸವುಳನ್ನೂ ಸಹಿಸುವ ಅದನ್ನು ಮೊದಲು ನೆಟ್ಟು, ಮಳೆಗಾಲದ ಕೊನೆಯಲ್ಲಿ ಅದರ ಮೇಲೆ ಥಾಮ್ಸನ್ ಬೀಜರಹಿತವನ್ನೋ ಅದರ ಸಂತತಿಯಾದ ಮಾಣಿಕ್ ಚಮನ್ ತಳಿಯನ್ನೋ ಕಸಿ ಮಾಡುತ್ತಾರೆ. ಕಲ್ಲುಕಂಬ, ತಂತಿ, ಹನಿನೀರಾವರಿಗಳ ವೆಚ್ಚ ಮೊದಲೇ ಬೀಳುತ್ತದೆ, ಆದಾಯ ತಡವಾಗಿ ಬರುತ್ತದೆ. ಆದರೂ ಸಂಸಾರದ ತೋಟಕ್ಕೆ ಮೇರೆ ಹಾಕಬೇಕಾದುದು ಹಣವಲ್ಲ, ಕೈಗಳ ಲೆಕ್ಕ. ಪ್ರತಿಯೊಂದು ಗೊಂಚಲನ್ನೂ ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದಿ ತೆಗೆಯುವ ಕೆಲಸ ಕೆಲವೇ ದಿನಗಳೊಳಗೆ ಮುಗಿಯಬೇಕು. ಅತ್ತೆ, ಸೊಸೆ, ಶಾಲೆಯಿಂದ ಬಂದ ಹುಡುಗ ಎಲ್ಲರೂ ಸಾಲಿನಲ್ಲಿದ್ದರೂ ಮುಗಿಯದಷ್ಟು ಬಳ್ಳಿಯನ್ನು ಹಬ್ಬಿಸಿಕೊಂಡವನಿಗೆ ದೇವರೇ ಗತಿ. ಹೂವಿನ ಹೊತ್ತಿಗೆ ಹಿಂಗಾರು ಮಳೆ ಹಿಡಿದು ಡೌನಿ ರೋಗ ಹೊಕ್ಕರಂತೂ ರಾತ್ರಿಯೂ ಸಿಂಪಡಣೆಯ ಪಂಪಿನ ಸದ್ದೇ.

ಒಣದ್ರಾಕ್ಷಿ ಮಾಡುವುದಾದರೆ, ಮಾಗಿದ ಹಣ್ಣನ್ನು ಪೊಟ್ಯಾಸಿಯಮ್ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಿದರೆ ಸಿಪ್ಪೆಯ ಮೇಣ ಸಡಿಲಗೊಂಡು ತೇವ ಬೇಗನೆ ಹೊರಬೀಳುತ್ತದೆ. ನೆರಳಿನ ಶೆಡ್ಡಿನ ಬಲೆಯ ಮೇಲೆ ಎರಡು ವಾರ ಒಣಗಿದ ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಮೊದಲ ಫಸಲಿಗೇ ಸ್ವಂತ ಶೆಡ್ ಕಟ್ಟಿಸುವ ಆತುರ ಬೇಡ. ಬಾಡಿಗೆಯದು ಸಾಕು, ಆ ಹಣದಲ್ಲಿ ಒಳ್ಳೆಯ ಕತ್ತರಿಗಳನ್ನು ಕೊಳ್ಳಬಹುದು.