ಹಾಲಿಲ್ಲದ ಪಾಯಸ

ಹಾಲು, ಮೊಸರು, ತುಪ್ಪ, ಜೇನು ಸೇರಿ ಪ್ರಾಣಿಯಿಂದ ಬಂದ ಯಾವುದನ್ನೂ ಉಣ್ಣದವರಿಗೆ 'ವೀಗನ್' ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಆ ಹೆಸರು ಈಗ ಬೆಂಗಳೂರಿನಲ್ಲಿರುವ ಮಕ್ಕಳ ಬಾಯಿಂದ ನಮ್ಮ ಪುತ್ತೂರು, ಸುಳ್ಯ, ಕಡಬದ ಮನೆಗಳಿಗೂ ಬಂದಿದೆ. ಕೇಳಿದ ಕೂಡಲೇ ನಮ್ಮವರು ಹೇಳುವ ಮಾತೊಂದುಂಟು: "ಇದರಲ್ಲಿ ಹೊಸತೇನು? ನಮ್ಮ ಅಜ್ಜಿಯಂದಿರು ಮಾಡುತ್ತಿದ್ದದ್ದೇ ಅದು." ಈ ಮಾತು ಅರ್ಧ ನಿಜ, ಅರ್ಧ ಜಂಬ.

ನಿಜದ ಪಾಲನ್ನು ಮೊದಲು ನೋಡೋಣ. ನಾಗರಪಂಚಮಿಗೆ ಅರಶಿನ ಎಲೆಯ ಗಟ್ಟಿ: ಅಕ್ಕಿಹಿಟ್ಟು, ಕಾಯಿತುರಿ, ಬೆಲ್ಲ, ಅಷ್ಟೇ. ಅಷ್ಟಮಿಗೆ ಮೂಡೆ. ಹಲಸಿನಹಣ್ಣಿನ ಕಾಲದಲ್ಲಿ ಸಾಗುವಾನಿ ಎಲೆಯಲ್ಲಿ ಕಟ್ಟಿ ಬೇಯಿಸಿದ, ಎಲೆಯ ಕೆಂಪು ಹತ್ತಿದ ಗಟ್ಟಿ. ಆಟಿಯ ಜಡಿಮಳೆಗೆ ಕೆಸುವಿನ ಪತ್ರೊಡೆ, ಮೂರು ದಿನ ನೀರು ಬದಲಿಸಿ ಕಹಿ ತೆಗೆದ ಕಣಿಲೆ, ಬೇಸಗೆಯಲ್ಲೇ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ಹೊರಗೆ ಮಳೆ ಹೊಯ್ಯುತ್ತಿರುವಾಗ ಮನಸ್ಸಿಗೆ ಬೆಚ್ಚಗೆ ಅನ್ನಿಸುವ ತಿನಿಸುಗಳು ಇವೇ. ಇವುಗಳಲ್ಲಿ ಒಂದಕ್ಕೂ ಹಾಲು ಬೇಡ.

ಇನ್ನು ಜಂಬದ ಪಾಲು. ಆಟಿಯಲ್ಲಿ ಗದ್ದೆಯ ಏಡಿ ಹಿಡಿದು ತಿಂದವರೂ ನಮ್ಮವರೇ. ಒಂದೆಲಗದ ತಂಬುಳಿಗೆ ಮಜ್ಜಿಗೆ ಬೇಕೇ ಬೇಕು. ಗಟ್ಟಿಯ ಮೇಲೆ ತುಪ್ಪ ಹಾಕಿಕೊಳ್ಳದವರು ಕಡಿಮೆ. ನಮ್ಮ ಹಿರಿಯರು ಹಾಲನ್ನು ತತ್ವಕ್ಕಾಗಿ ಬಿಟ್ಟವರಲ್ಲ. ಹಟ್ಟಿಯಲ್ಲಿದ್ದ ಮಲೆನಾಡು ಗಿಡ್ಡ ಕೊಡುತ್ತಿದ್ದ ಹಾಲು ಕರುವಿಗೆ, ಮಜ್ಜಿಗೆಗೆ, ದೇವರ ದೀಪದ ತುಪ್ಪಕ್ಕೆ ಸಾಲುವುದೇ ಕಷ್ಟವಾಗಿತ್ತು. ತೋಟದಲ್ಲಿ ತೆಂಗಿನಕಾಯಿ ಬೀಳುತ್ತಿತ್ತು. ಹಾಗಾಗಿ ಪಾಯಸಕ್ಕೆ ಕಾಯಿಹಾಲು ಬಂತು.

ಬಂದದ್ದು ಅನಿವಾರ್ಯದಿಂದಾದರೂ ಅದು ದೊಡ್ಡ ಪಾಕವಾಗಿ ಬೆಳೆಯಿತು. ಕಾಯಿ ರುಬ್ಬಿ ಮೊದಲು ಹಿಂಡಿದ ದಪ್ಪ ಹಾಲನ್ನು ಬೇರೆ ಇಡಬೇಕು. ಎರಡನೆಯ, ಮೂರನೆಯ ನೀರುಹಾಲಿನಲ್ಲಿ ಕಡ್ಲೆಬೇಳೆ ಬೇಯಬೇಕು. ಬೇಳೆ ಮೆತ್ತಗಾದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಬೇಳೆ ಬೇಯದೆ ಕೂರುತ್ತದೆ. ಕೊನೆಗೆ ದಪ್ಪ ಹಾಲು ಹೊಯ್ದು, ಕುದಿ ಬರುವ ಮೊದಲೇ ಇಳಿಸಬೇಕು, ಕುದಿಸಿದರೆ ಒಡೆಯುತ್ತದೆ. ಈ ಹದ ಬಲ್ಲ ಅಡುಗೆಯವರಿಗೆ ಒಂದು ಕಾಲದಲ್ಲಿ ಊರೂರಿನಿಂದ ಕರೆ ಬರುತ್ತಿತ್ತು.

ನನ್ನ ಅಕ್ಕನಿಗೆ ಹಾಲು ಆಗುವುದಿಲ್ಲ. ಕುಡಿದರೆ ಹೊಟ್ಟೆ ಕೆಡುತ್ತದೆ. ಹಿಂದೆ ಯಾವ ಮದುವೆಗೆ ಹೋದರೂ ಅವಳು ಪಾಯಸವನ್ನು ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಈಚೆಗೆ ಸುಳ್ಯದ ಕಡೆಯ ಒಂದು ಮದುವೆಯಲ್ಲಿ ಬಡಿಸುವ ಹುಡುಗನನ್ನು ಕೇಳಿದಳು, "ಪಾಯಸಕ್ಕೆ ಹಾಲು ಹಾಕಿದ್ದುಂಟಾ ಮಗಾ?" ಅವನಿಗೆ ಆಶ್ಚರ್ಯ. "ಹಾಲಿಲ್ಲದೆ ಪಾಯಸ ಆಗ್ತದಾ ಅಮ್ಮ?" ಎಂದು ಮುಂದಿನ ಎಲೆಗೆ ಹೋದ. ಹುಡುಗ ಈ ಮಣ್ಣಿನವನೇ. ಅವನದು ತಪ್ಪಲ್ಲ, ಅವನು ಕಂಡದ್ದು ಪ್ಯಾಕೆಟ್ ಹಾಲಿನ ಶ್ಯಾವಿಗೆ ಪಾಯಸವನ್ನು. ಅಕ್ಕ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸುಮ್ಮನೆ ಕೂತಳು.

ಅಡುಗೆಯವರಿಗೂ ಅವರದೇ ಕಾರಣಗಳಿವೆ. ಐನೂರು ಜನಕ್ಕೆ ಕಾಯಿ ಹಿಂಡಲು ಆಳಿಲ್ಲ. ಕಾಯಿಹಾಲಿನ ಪಾಯಸ ಸಂಜೆಗೆ ಹಳಸುತ್ತದೆ. 2025ರಲ್ಲಿ ಕಾಯಿಯ ಬೆಲೆ ಏರಿದ್ದನ್ನೂ ಕಂಡಿದ್ದೇವೆ. ಆದರೆ ಅದೇ ಊಟಕ್ಕೆ ಪನೀರು, ಐಸ್‌ಕ್ರೀಮು, ಮೂರು ಬಗೆಯ ಸ್ವೀಟು ತರಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಇತ್ತ 'ಆಟಿಡೊಂಜಿ ದಿನ' ಊರೂರಿನಲ್ಲಿ ನಡೆಯುತ್ತದೆ. ಪತ್ರೊಡೆ, ತಜಂಕಿನ ಪಲ್ಯ, ಕಣಿಲೆ, ಹಲಸಿನ ಬೀಜ ಎಲ್ಲ ಸಾಲಾಗಿ ಬರುತ್ತವೆ. ಹೆಸರು ಬರೆದ ಚೀಟಿಯೂ ಇರುತ್ತದೆ. ಮಕ್ಕಳಿಗೆ ರುಚಿ ತೋರಿಸುವುದು ಒಳ್ಳೆಯದೇ. ನನ್ನ ತಕರಾರು ಉಳಿದ ದಿನಗಳದ್ದು. ಚೀಟಿ ಅಂಟಿಸಿ ತೋರಿಸಬೇಕಾದ ತಿಂಡಿ ಆಗಲೇ ಮನೆಯಿಂದ ಅರ್ಧ ಹೊರಗೆ ಹೋಗಿದೆ ಎಂದೇ ಅರ್ಥ.

ದಾರಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಿಂದೆ ಪ್ರಯಾಣಕ್ಕೆ ಹೊರಟವರ ಚೀಲದಲ್ಲಿ ಬಾಳೆಲೆಯ ಕಟ್ಟೊಂದು ಇರುತ್ತಿತ್ತು. ನೀರುದೋಸೆ ದಾರಿಗೆ ಆಗದು, ಆರಿದರೆ ಬಿರುಸಾಗುತ್ತದೆ; ಗಟ್ಟಿ, ಮೂಡೆ ಮರುದಿನಕ್ಕೂ ತಡೆಯುತ್ತವೆ. ಕಬಕ ಪುತ್ತೂರಿನಲ್ಲಿ ರೈಲು ಹತ್ತಿ, ಸುಬ್ರಹ್ಮಣ್ಯ ರೋಡ್ ದಾಟಿ, ಘಾಟಿಯ 57 ಸುರಂಗಗಳನ್ನು ಕಳೆಯುವವರೆಗೆ ಹೊಟ್ಟೆಗೆ ಅದು ಧಾರಾಳ. ಈಗ ಕಟ್ಟು ಕಟ್ಟುವವರಿಲ್ಲ, ಹೋಟೆಲೇ ಗತಿ. ಕುಕ್ಕೆಗೆ ಬರುವ ಸಾವಿರಾರು ಯಾತ್ರಿಕರಿಗೆ ಈ ದಾರಿಯಲ್ಲಿ ಪನೀರು ಮಸಾಲೆ ಸಿಗುತ್ತದೆ, ಗೋಬಿ ಮಂಚೂರಿ ಸಿಗುತ್ತದೆ. ಹಲಸಿನ ಗಟ್ಟಿ ಕೇಳಿ ನೋಡಿ! ಪುತ್ತೂರಿನಿಂದಲೇ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ಹಲಸಿನ ಮಾನ ಉಳಿಸಲು ವರ್ಷಗಟ್ಟಲೆ ಬರೆಯಿತು. ಹೊರದೇಶದವರು ಎಳೆ ಹಲಸನ್ನು ಮಾಂಸದ ಬದಲಿಗೆ ಡಬ್ಬಿಯಲ್ಲಿ ಕೊಳ್ಳುತ್ತಾರೆ. ನಮ್ಮ ತೋಟಗಳಲ್ಲಿ ಅದು ಮರದಡಿ ಕೊಳೆಯುತ್ತದೆ.

ವೀಗನ್ ಎಂಬ ಹೆಸರು ನಮಗೆ ಬೇಕಾಗಿಲ್ಲ, ಅಜ್ಜಿಯ ಹೆಸರಿನ ಜಂಬವೂ ಬೇಡ. ಮದುವೆಯ ಮನೆಯವರು ಅಡುಗೆಯವರಿಗೆ "ಒಂದು ಪಾಯಸ ಕಾಯಿಹಾಲಿನದ್ದಿರಲಿ" ಎಂದು ಹೇಳಿದರೆ, ದಾರಿಬದಿಯ ಹೋಟೆಲಿನವರು ಆಟಿ ತಿಂಗಳಲ್ಲಾದರೂ ಬೆಳಿಗ್ಗೆ ಒಂದು ಅಟ್ಟೆ ಗಟ್ಟಿ ಬೇಯಿಸಿದರೆ ಸಾಕು. ಆಗ ಹಾಲು ಬಿಟ್ಟವರೂ ಉಣ್ಣುತ್ತಾರೆ, ಹಾಲು ಆಗದವರೂ ಉಣ್ಣುತ್ತಾರೆ. ಬಡಿಸುವ ಹುಡುಗನಿಗೂ ಕೇಳಿದ್ದಕ್ಕೆ ಉತ್ತರ ಗೊತ್ತಿರುತ್ತದೆ.